ಓದುಗರ ಪ್ರಶ್ನೆ: ಮಣ್ಣಿನ ಒಡವೆ ಮಳೆಗೆ ಕರಗುತ್ತಾ?

ಪ್ರಶ್ನೆ: ಗಂಡಭೇರುಂಡದ ಪದಕ ಇರುವ ಟೆರಾಕೋಟಾ ಸರ, ಜೊತೆಗೆ ಜುಮ್ಕಿ ತಗೊಂಡಿದ್ದೇನೆ. ನೋಡಲು ತುಂಬಾ ಚೆನ್ನಾಗಿದೆ. ಆದರೆ ಮನೆಯಲ್ಲಿ ಎಲ್ಲರೂ ‘ಮಣ್ಣಿಂದು, ಮಳೆಗೆ ಸಿಕ್ಕರೆ ಕರಗಿ ಹೋಗುತ್ತೆ’ ಅಂತ ಹೆದರಿಸುತ್ತಿದ್ದಾರೆ. ನಿಜವಾ? ಬೆವರಿಗೂ ಕರಗುತ್ತಾ? ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಉತ್ತರ: ಕರಗಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ‘ಕರಗಲ್ಲ’ ಅಂದರೆ ಯಾರೂ ನಂಬುವುದಿಲ್ಲ. ಮೇಳದಲ್ಲಿ ಮಳಿಗೆ ಹಾಕಿ ಕೂತರೆ ಜುಮ್ಕಿ ಕೈಗೆತ್ತಿಕೊಂಡವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಇದನ್ನೇ ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ನಂತರ ಜೊತೆಗೆ ಬಂದವರ ಕಡೆ ತಿರುಗಿ, ‘ಚೆನ್ನಾಗಿದೆ ಕಣೇ, ಆದ್ರೆ ಮಣ್ಣಲ್ವಾ’ ಅಂತ ಕೆಳಗಿಡುತ್ತಾರೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ, ನನ್ನ ಗಂಟಲು ಉಳಿಯುತ್ತದೆ.

ಹಳೇ ಮನೆಗಳ ಮೇಲೆ ಮಂಗಳೂರು ಹೆಂಚು ನೋಡಿದ್ದೀರಿ ಅಲ್ವಾ? ಅದೂ ಮಣ್ಣೇ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆವತ್ತಿನಿಂದ ಆ ಹೆಂಚು ನೆನೆಯುತ್ತಲೇ ಇದೆ. ಅದೂ ಎಂಥ ಮಳೆ? ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ. ಹೆಂಚು ಒಡೆಯುತ್ತದೆ, ಒಪ್ಪುತ್ತೇನೆ. ಕೋತಿ ಕುಣಿದರೆ ಒಡೆಯುತ್ತದೆ, ತೆಂಗಿನಕಾಯಿ ಬಿದ್ದರೆ ಒಡೆಯುತ್ತದೆ. ಪಾಚಿ ಕಟ್ಟಿ ಕಪ್ಪಾಗುತ್ತದೆ. ಆದರೆ ಹೆಂಚು ಕರಗಿ ಕೆಸರಾಗಿ ಗೋಡೆ ಮೇಲೆ ಇಳಿದದ್ದನ್ನು ಯಾರಾದರೂ ನೋಡಿದ್ದೀರಾ? ತಲೆ ಮೇಲೆ ಇಡೀ ಮಳೆಗಾಲ ತಡೆಯುವ ಮಣ್ಣು, ಕಿವಿಯಲ್ಲಿ ನಾಲ್ಕು ಹನಿ ಬಿದ್ದರೆ ಕರಗುತ್ತದೆ ಅಂದರೆ ಹೇಗೆ?

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು. ಪ್ರತಿ ವರ್ಷ ಗೌರಿ ಗಣೇಶ ಮುಗಿದ ಮೇಲೆ ಮಣ್ಣಿನ ಗಣಪನನ್ನು ಬಕೆಟ್‌ನಲ್ಲಿ ಬಿಡುತ್ತೇವೆ. ಬೆಳಗ್ಗೆ ನೋಡಿದರೆ ತಳದಲ್ಲಿ ಬರೀ ಕೆಸರು. ಚಿಕ್ಕಂದಿನಿಂದ ಇದನ್ನು ನೋಡಿದವರು ಮಣ್ಣು ಅಂದರೆ ಕರಗುವುದೇ ಅಂದುಕೊಂಡರೆ ತಪ್ಪು ಹೇಳಲಾಗದು. ಆದರೆ ಆ ಗಣಪನನ್ನು ಸುಟ್ಟಿರುವುದಿಲ್ಲ. ಬರೀ ಒಣಗಿಸಿರುತ್ತಾರೆ, ಕರಗಲಿ ಅಂತಲೇ. ಒಣಗಿದ ಮಣ್ಣು ಬೇರೆ, ಸುಟ್ಟ ಮಣ್ಣು ಬೇರೆ. ಟೆರಾಕೋಟಾ ಅಂದರೆ ಸುಟ್ಟ ಮಣ್ಣು. ತರಗತಿಗೆ ಬರುವವರಿಗೆ ನಾನು ಕಲಿಸುವ ಮೊದಲ ಪಾಠವೇ ಇದು. ಇದು ತಲೆಗೆ ಹೋಗುವವರೆಗೆ ಅವರ ಕೈಗೆ ಮಣ್ಣು ಕೊಡುವುದಿಲ್ಲ.

ಸ್ವಲ್ಪ ಒಳಗೆ ಹೋಗೋಣ. ಹಸಿ ಜೇಡಿಮಣ್ಣಿನಲ್ಲಿ ಎರಡು ಥರದ ನೀರು ಇರುತ್ತದೆ. ಒಂದು, ನಾವು ಕಲಸುವಾಗ ಹಾಕಿದ್ದು. ಅದು ಕಣಗಳ ನಡುವೆ ಇರುತ್ತದೆ, ನೆರಳಲ್ಲಿ ಇಟ್ಟರೆ ಆರಿಹೋಗುತ್ತದೆ. ಮತ್ತೆ ನೀರು ಹಾಕಿದರೆ ಮಣ್ಣು ಮತ್ತೆ ಮೆತ್ತಗಾಗುತ್ತದೆ. ಗಣಪನಿಗೆ ಆಗುವುದು ಇದೇ. ಇನ್ನೊಂದು, ಮಣ್ಣಿನ ಕಣದ ರಚನೆಯಲ್ಲೇ ಸೇರಿಕೊಂಡಿರುವುದು. ಹೈಡ್ರೋಜನ್, ಆಕ್ಸಿಜನ್ ಜೋಡಿಯಾಗಿ ಕಣದೊಳಗೆ ಕಟ್ಟಿಹಾಕಿಕೊಂಡು ಕೂತಿರುತ್ತವೆ. ಕೆಯೊಲಿನೈಟ್ ಅನ್ನುವ ಅಪ್ಪಟ ಬಿಳಿ ಜೇಡಿಮಣ್ಣಿನ ತೂಕದಲ್ಲಿ ಸುಮಾರು 14% ಇದೇ ಇರುತ್ತದೆ. ಎಷ್ಟು ಬಿಸಿಲಿಗೆ ಇಟ್ಟರೂ ಇದು ಜಗ್ಗುವುದಿಲ್ಲ. ಕಾವು 450ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮಾತ್ರ ಹೊರಗೆ ಬರುತ್ತದೆ. ಅದು ಹೊರಟುಹೋದ ಮೇಲೆ ಕಣದ ರಚನೆಯೇ ಬದಲಾಗುತ್ತದೆ. ಇನ್ನೂ ಕಾವು ಏರಿಸಿ 900 ಡಿಗ್ರಿ ಹತ್ತಿರ ತಂದರೆ ಕಣಗಳ ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈಗ ಅದನ್ನು ನೀರಲ್ಲಿ ಅದ್ದಿ, ಕುದಿಸಿ, ಏನೇ ಮಾಡಿ, ಹಳೇ ಮಣ್ಣು ವಾಪಸ್ ಬರಲ್ಲ. ಸೂಕ್ಷ್ಮ ರಂಧ್ರಗಳಿರುವುದರಿಂದ ನೀರು ಹೀರಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಒಣಗುತ್ತದೆ. ಮಣ್ಣಿನ ಹೂಜಿ ಇಷ್ಟು ವರ್ಷ ನೀರು ತಣ್ಣಗಿಟ್ಟಿದ್ದು ಕರಗುತ್ತಾ ಕರಗುತ್ತಾ ಅಲ್ಲ.

ಇನ್ನೂ ಅನುಮಾನ ಇದ್ದರೆ ಸಿಂಧೂ ಕಣಿವೆಗೆ ಹೋಗಿ. ಹರಪ್ಪ, ಮೊಹೆಂಜೊದಾರೊ, ಕಾಲಿಬಂಗನ್ ಎಲ್ಲಿ ಅಗೆದರೂ ಸುಟ್ಟ ಮಣ್ಣಿನ ಬಳೆ ಚೂರುಗಳು ರಾಶಿ ರಾಶಿ ಸಿಗುತ್ತವೆ. ಅವು 4,000 ವರ್ಷಕ್ಕಿಂತ ಹಳೆಯವು. ಹೊಳೆ ಉಕ್ಕಿದೆ, ಮಳೆ ಬಂದಿದೆ, ಉಪ್ಪು ನೆಲದಲ್ಲಿ ಹೂತಿವೆ. ಹತ್ತಿಯ ಬಟ್ಟೆ ಹೋಯಿತು, ಮರ ಹೋಯಿತು, ಮಣ್ಣಿನ ಬಳೆ ಉಳಿಯಿತು. ಅಲ್ಲಿನ ಕುಂಬಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮಣ್ಣನ್ನು ನುಣ್ಣಗೆ ಸೋಸಿ, ಚಕ್ರದ ಮೇಲೆ ತಿರುಗಿಸಿ, ಮುಚ್ಚಿದ ಪಾತ್ರೆಯೊಳಗೆ ಗಾಳಿ ಆಡದಂತೆ ಇಟ್ಟು, ಸಾವಿರ ಡಿಗ್ರಿ ಮೇಲಿನ ಕಾವಿನಲ್ಲಿ ಕಲ್ಲಿನಂಥ ಬಳೆ ಮಾಡುತ್ತಿದ್ದರು. ಕೆಲವು ಬಳೆಗಳ ಮೇಲೆ ಪುಟ್ಟ ಪುಟ್ಟ ಲಿಪಿ ಚಿಹ್ನೆಗಳನ್ನು ಗೀಚಿದ್ದಾರೆ. ಕರೆಂಟಿನ ಗೂಡು ಇಟ್ಟುಕೊಂಡಿರುವ ನಮಗೇ ಅದು ಸುಲಭದ ಕೆಲಸವಲ್ಲ. ಅಂಥ ಕುಂಬಾರರ ಮುಂದೆ ಹೋಗಿ ‘ಕರಗಲ್ವಾ?’ ಅಂತ ಕೇಳಬೇಕಿತ್ತು, ಏನು ಹೇಳುತ್ತಿದ್ದರೋ.

‘ನಮ್ಮ ಅತ್ತಿಗೆಯದು ನಿಜವಾಗಿಯೂ ಕರಗಿತು’ ಅನ್ನುವವರು ಇದ್ದೇ ಇರುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನಲ್ಲ. ಆದರೆ ಕರಗಿದ್ದು ಟೆರಾಕೋಟಾ ಅಲ್ಲ.

ಒಂದೋ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಕ್ಲೇ. ಪ್ಯಾಕೆಟ್‌ನಲ್ಲಿ ಬರುತ್ತದೆ, ಸುಡುವ ರಗಳೆ ಇಲ್ಲ. ಮಾಡಿ, ಬಣ್ಣ ಬಳಿದು, ವಾರ್ನಿಶ್ ಹಚ್ಚಿ ‘ಟೆರಾಕೋಟಾ ಸೆಟ್’ ಅಂತ ಮಾರುವವರು ಬೇಕಾದಷ್ಟಿದ್ದಾರೆ. ನೀರಲ್ಲಿ ಸ್ವಲ್ಪ ಹೊತ್ತು ಇದ್ದರೆ ಅಂಟಂಟಾಗುತ್ತದೆ. ಇದೇ ನಮ್ಮೆಲ್ಲರ ಹೆಸರು ಕೆಡಿಸುತ್ತಿರುವುದು. ಅಥವಾ ಅರೆಬರೆ ಸುಟ್ಟದ್ದು. ಅಡುಗೆ ಮನೆಯ ಓಟಿಜಿ, ಅಂದರೆ ಕೇಕ್ ಬೇಯಿಸುವ ಕರೆಂಟಿನ ಓವನ್, ಹೆಚ್ಚೆಂದರೆ 250 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಎಷ್ಟು ಹೊತ್ತು ಇಟ್ಟರೂ ಮಣ್ಣು ಚೆನ್ನಾಗಿ ಒಣಗುತ್ತದೆ, ಸುಡುವುದಿಲ್ಲ. ಮೇಲಿನ ಲೆಕ್ಕ ನೋಡಿ, 900 ಡಿಗ್ರಿಗೆ ಅರ್ಧ ದಾರಿಯೂ ಆಗಿಲ್ಲ. ಬೆರಣಿ, ಹೊಟ್ಟು ಹಾಕಿ ಮನೆ ಹಿತ್ತಲಲ್ಲಿ ಸುಟ್ಟರೆ ಆಗುತ್ತದೆ, ಕುಂಬಾರರು ಆವಿಗೆಯಲ್ಲಿ ಮಾಡಿಕೊಂಡು ಬಂದಿರುವುದು ಅದನ್ನೇ. ಆದರೆ ಕಾವು ಎಲ್ಲ ಕಡೆ ಒಂದೇ ಸಮ ಸಿಗಬೇಕು. ಅಂಚಿನಲ್ಲಿ ಇಟ್ಟದ್ದು ಬೇಯದೇ ಉಳಿಯುತ್ತದೆ. ಇನ್ನು ಪಾಲಿಮರ್ ಕ್ಲೇ ಅನ್ನುವುದಂತೂ ಮಣ್ಣೇ ಅಲ್ಲ, ಅದು ಪಿವಿಸಿ ಪ್ಲಾಸ್ಟಿಕ್. ಅದೂ ಕರಗಲ್ಲ, ಆದರೆ ಬೇರೆ ಕಾರಣಕ್ಕೆ.

ಮೂರನೆಯದು, ಬರೀ ಬಣ್ಣ ಹೋಗಿರುತ್ತದೆ. ಮೇಲೆ ಬಳಿದ ಚಿನ್ನದ ಬಣ್ಣ ಅಕ್ರಿಲಿಕ್. ಸೆಂಟ್ ಹೊಡೆದುಕೊಂಡರೆ ಅದರಲ್ಲಿರುವ ಆಲ್ಕೋಹಾಲ್‌ಗೆ ಅಕ್ರಿಲಿಕ್ ಮೆತ್ತಗಾಗಿ ಏಳುತ್ತದೆ. ಕತ್ತಿನ ಹತ್ತಿರ ಕೆಂಪು ಬಣ್ಣ ಹತ್ತಿತು ಅಂದ ತಕ್ಷಣ ‘ಅಯ್ಯೋ ಮಣ್ಣು ಕರಗುತ್ತಿದೆ’ ಅಂತ ಗಾಬರಿಯಾಗುತ್ತಾರೆ. ಮಣ್ಣು ಅಲ್ಲೇ ಇರುತ್ತದೆ. ಬಳಿದವರು ಅಗ್ಗದ ಬಣ್ಣ ಬಳಿದಿದ್ದಾರೆ, ಅಷ್ಟೇ.

ಪರೀಕ್ಷೆ ಮಾಡುವುದು ಹೇಗೆ? ಬಣ್ಣ ಇಲ್ಲದ ಹಿಂಬದಿಗೆ ಒಂದು ಹನಿ ನೀರು ಬಿಡಿ, ಒಂದು ನಿಮಿಷ ಬಿಟ್ಟು ಬೆರಳಿಂದ ಉಜ್ಜಿ. ಬೆರಳಿಗೆ ಜಾರುವ ಕೆಸರು ಬಂದರೆ ಸುಟ್ಟಿಲ್ಲ. ಎರಡು ಮಣಿಗಳನ್ನು ಮೆಲ್ಲಗೆ ತಾಗಿಸಿದರೆ ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತದೆ, ಹಸಿಯದು ದಡ್ ಅನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳು ಮಡಿಸಿ ಬಡಿದು ನೋಡುತ್ತಿದ್ದದ್ದು ಸುಮ್ನೆ ಅಲ್ಲ. ಒಡೆದ ಮಣಿ ಇದ್ದರೆ ರಾತ್ರಿಯಿಡೀ ಲೋಟದ ನೀರಲ್ಲಿ ಹಾಕಿಡಿ. ನನ್ನ ಮಾತು ನಂಬಬೇಡಿ, ಲೋಟ ನೋಡಿ.

ಬೆವರಿಗೆ ಕರಗಲ್ಲ. ಬೆವರಿನ ಉಪ್ಪು ರಂಧ್ರಗಳಲ್ಲಿ ಕೂತು ಕೆಲವೊಮ್ಮೆ ಬಿಳಿ ಕಲೆ ಕಟ್ಟುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಹುಕ್ಕು ತುಕ್ಕು ಹಿಡಿಯಬಹುದು, ದಾರ ಹಳಸಬಹುದು, ಅವನ್ನು ಬದಲಾಯಿಸಬಹುದು. ಎಷ್ಟು ವರ್ಷ ಬಾಳಿಕೆ ಅಂದರೆ, ಕೈಜಾರಿ ಮೊಸಾಯಿಕ್ ನೆಲದ ಮೇಲೆ ಬೀಳಿಸುವವರೆಗೆ. ಹೆದರುವುದಾದರೆ ಅದಕ್ಕೆ ಹೆದರಿ. ಒಡೆದರೆ ಹಸಿ ಮಣ್ಣು ಮೆತ್ತಿ ಮತ್ತೆ ಸುಡಲು ಆಗಲ್ಲ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಟ್ಟದ್ದು ಕುಗ್ಗಲ್ಲ, ಅಂಟಿಸಿದ ಕಡೆ ಬಿಟ್ಟುಕೊಳ್ಳುತ್ತದೆ. ಎಪಾಕ್ಸಿ ಅಂಟೇ ಗತಿ.

ನಿಮ್ಮ ಪದಕದಲ್ಲಿ ಮೊದಲು ಹೋಗುವುದು ಕೊಕ್ಕು. ಗಂಡಭೇರುಂಡಕ್ಕೆ ಎರಡು ತಲೆ, ಎರಡು ಸಣ್ಣ ಕುತ್ತಿಗೆ, ಹೊರಗೆ ಚಾಚಿದ ಎರಡು ಕೊಕ್ಕು. ಮಣ್ಣಿನಲ್ಲಿ ಸಣ್ಣಗೆ ಚಾಚಿಕೊಂಡಿರುವುದೆಲ್ಲ ಮುರಿಯಲು ಕಾಯುತ್ತಿರುತ್ತದೆ. ತಿಳಿದವರು ಕೊಕ್ಕನ್ನು ರೆಕ್ಕೆಗೋ ಸುತ್ತಲಿನ ಬಳ್ಳಿಗೋ ತಾಗಿಸಿಬಿಡುತ್ತಾರೆ. ನಿಮ್ಮದರಲ್ಲಿ ಹಾಗಿದೆಯಾ ನೋಡಿ. ಇದ್ದರೆ ಮಾಡಿದವರು ಕೆಲಸ ಬಲ್ಲವರು.

ಗಂಡಭೇರುಂಡದ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಈಚೆಗೆ ಒಡವೆಯ ಜೊತೆ ಒಂದು ಚಿಕ್ಕ ಕಾರ್ಡ್ ಇಡುವುದು ರೂಢಿಯಾಗಿದೆ: ‘ಈ ಪ್ರಾಚೀನ ಚಿಹ್ನೆಯ ಅರ್ಥ ಹೀಗೆ.’ ಗಂಡಭೇರುಂಡಕ್ಕೆ ಬರೆದರೆ ನನ್ನ ತಕರಾರಿಲ್ಲ, ಅದರ ದಾರಿ ನಮ್ಮ ಕಣ್ಣೆದುರೇ ಇದೆ. ಬಳ್ಳಿಗಾವೆಯ ಕಂಬದ ಮೇಲೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಇರುವ ಭೇರುಂಡ ನಿಂತಿದ್ದಾನೆ, 11ನೇ ಶತಮಾನದವನು. ಕೆಳದಿಯ ದೇವಸ್ಥಾನದಲ್ಲಿ ಅದು ಪೂರ್ತಿ ಹಕ್ಕಿ. ಮೈಸೂರು ಅರಸರ ಲಾಂಛನವಾಯಿತು, ಈಗ ಸರ್ಕಾರದ ಮುದ್ರೆಯಲ್ಲಿದೆ. ಪದಕಕ್ಕೆ ಯಾವುದನ್ನು ನೋಡಿ ಮಾಡಿದ್ದಾರೆ ಅಂತ ಬರೆದರೆ ಇನ್ನೂ ಒಳ್ಳೆಯದು.

ಈಜಿಪ್ಟಿನ ಜೀರುಂಡೆ ಪದಕಕ್ಕೂ ಬರೆಯಬಹುದು. ಸಗಣಿ ಉಂಡೆ ಉರುಳಿಸುವ ಆ ಹುಳುವನ್ನು ಅವರು ಬೆಳಗಿನ ಸೂರ್ಯದೇವರಿಗೆ ಜೋಡಿಸಿದ್ದರು. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ದಾರಿ ತೋರಿಸಿದ ಮೇಲೆ ಅವರ ಬರಹ ಓದಲು ಬಂತು, ಹಾಗಾಗಿ ಇದು ಅವರದೇ ಮಾತಿನಲ್ಲಿ ಗೊತ್ತು. ಅಂದಹಾಗೆ ಆ ನೀಲಿ-ಹಸಿರು ಹೊಳಪಿನ ಜೀರುಂಡೆ ಬಹುಪಾಲು ಜೇಡಿಮಣ್ಣೇ ಅಲ್ಲ. ಒಂದೋ ಹೊಳಪು ಲೇಪಿಸಿದ ಬಳಪದ ಕಲ್ಲು, ಇಲ್ಲವೇ ಪುಡಿ ಮಾಡಿದ ಬೆಣಚುಕಲ್ಲಿಗೆ ಕ್ಷಾರ, ತಾಮ್ರ ಬೆರೆಸಿ ಸುಟ್ಟ ಫಯೆನ್ಸ್. ನಮ್ಮ ಕೆಂಪು ಮಣ್ಣಿಗೆ ನೀಲಿ ಅಕ್ರಿಲಿಕ್ ಬಳಿದು ಆ ಹೊಳಪು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಇದನ್ನು ನೆನಪಿಡಿ.

ನನಗೆ ಸಿಟ್ಟು ಬರುವುದು ಸಿಂಧೂ ಮುದ್ರೆಯ ಪದಕಗಳ ಕಾರ್ಡ್ ನೋಡಿದಾಗ. ಒಂದು ಕೊಂಬಿನ ಎತ್ತಿನಂಥ ಪ್ರಾಣಿ, ಮೇಲೆ ನಾಲ್ಕೈದು ಚಿಹ್ನೆ. ಕೆಳಗೆ ‘ಈ ಚಿಹ್ನೆಗಳು ಸಂಪತ್ತು ತರುತ್ತವೆ’ ಅಂತ ಅಚ್ಚು. ಯಾರು ಓದಿದರು? ಆ ಲಿಪಿಯನ್ನು ಇನ್ನೂ ಯಾರೂ ಎಲ್ಲರೂ ಒಪ್ಪುವ ಹಾಗೆ ಓದಿಲ್ಲ. ಲಿಪಿ ತಜ್ಞ ಐರಾವತಂ ಮಹಾದೇವನ್ 1977ರಲ್ಲಿ ಅಷ್ಟೂ ಬರಹಗಳನ್ನು ಒಟ್ಟು ಹಾಕಿ, ಯಾವ ಚಿಹ್ನೆ ಎಲ್ಲೆಲ್ಲಿ ಬರುತ್ತದೆ ಅಂತ ಪಟ್ಟಿ ಮಾಡಿದರು. ಅಷ್ಟು ದುಡಿದ ಮೇಲೂ ಜಗಳ ಮುಗಿದಿಲ್ಲ. ಆ ಪ್ರಾಣಿಗೆ ಒಂದೇ ಕೊಂಬಾ, ಪಕ್ಕದಿಂದ ನೋಡಿದ್ದಕ್ಕೆ ಎರಡೂ ಒಂದಾಗಿ ಕಂಡಿದ್ದಾ ಅನ್ನುವುದರ ಮೇಲೂ ವಾದವಿದೆ. ಹೋಗಲಿ, ಮೂಲ ಮುದ್ರೆಗಳಲ್ಲಿ ಬಹುಪಾಲು ಮಣ್ಣಿನವೂ ಅಲ್ಲ, ಬಳಪದ ಕಲ್ಲಿನವು. ಕೆತ್ತಿ, ಆಮೇಲೆ ಗಟ್ಟಿಯಾಗಲಿ ಅಂತ ಸುಟ್ಟವು.

ಆ ಪದಕ ಕೊಳ್ಳಬೇಡಿ ಅಂತಲ್ಲ. ನಾನೂ ಮಾಡುತ್ತೇನೆ, ಒಳ್ಳೆ ಮಾರಾಟವೂ ಇದೆ. ಆದರೆ ಕಾರ್ಡ್‌ನಲ್ಲಿ ಅರ್ಥ ಬರೆದಿದ್ದರೆ ಎಲ್ಲಿ ಓದಿದಿರಿ ಅಂತ ಮಾರುವವರನ್ನು ಕೇಳಿ. ನನ್ನನ್ನು ಕೇಳಿದರೆ, ಅರ್ಥ ಗೊತ್ತಿಲ್ಲ, ಎತ್ತಿನ ಕುತ್ತಿಗೆಯ ಗೆರೆ ಇಷ್ಟವಾಯಿತು, ಅದಕ್ಕೆ ಮಾಡಿದೆ ಅಂತೀನಿ. ಕೊಂಬನ್ನು ಮಾತ್ರ ಹಿನ್ನೆಲೆಗೆ ಅಂಟಿಸಿಯೇ ಕೆತ್ತಿರುತ್ತೇನೆ.