ಓದುಗರ ಪ್ರಶ್ನೆ: ಗ್ಯಾರೇಜಿಗೂ ವೆಲ್ಡಿಂಗಿಗೂ ಒಂದೇ ಬಾಯ್ಲರ್ ಸೂಟ್ ಸಾಕಾಗಲ್ವಾ?

ಪ್ರಶ್ನೆ: ಸಾರ್, ನಮ್ದು ಸಣ್ಣ ಗ್ಯಾರೇಜು. ಇಂಜಿನ್ ಕೆಲ್ಸನೂ ಬರತ್ತೆ, ಸೈಲೆನ್ಸರ್ರು, ಚಾಸಿ ವೆಲ್ಡಿಂಗೂ ಬರತ್ತೆ. ಎರಡಕ್ಕೂ ಆಗೋ ಥರ ಬಾಳಿಕೆ ಬರೋ ಬಾಯ್ಲರ್ ಸೂಟ್ ಯಾವ್ದು? ಅಂಗಡಿಯವ್ರು ಟೆರಿಕಾಟೇ ಗಟ್ಟಿ ಅಂತಾರೆ.

ಈ ಪ್ರಶ್ನೆ ಎಷ್ಟು ಸಲ ಬಂದಿದ್ಯೋ ಲೆಕ್ಕ ಇಡೋದೇ ಬಿಟ್ಟಿದೀನಿ. ಹಾಗಾಗಿ ಈ ಸಲ ಉದ್ದಕ್ಕೇ ಬರೀತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿ ಕೈ ತೊಳ್ಕೋತೀನಿ. ಬಾಯ್ಲರ್ ಸೂಟ್ ಅಂದ್ರೆ ಶರ್ಟು ಪ್ಯಾಂಟು ಸೇರಿಸಿ ಒಂದೇ ಆಗಿ ಹೊಲಿದ ಕೆಲ್ಸದ ಬಟ್ಟೆ. ಉತ್ತರ ಇಷ್ಟೇ: ಒಂದೇ ಸೂಟು ಎರಡಕ್ಕೂ ಆಗಲ್ಲ, ಎರಡು ತಗೊಳ್ಳಿ. ಮೆಕ್ಯಾನಿಕ್ ಕೆಲ್ಸಕ್ಕೆ ಒಂದು, ವೆಲ್ಡಿಂಗಿಗೆ ದಪ್ಪ ಕಾಟನ್‌ದು ಇನ್ನೊಂದು. ಖರ್ಚು ಜಾಸ್ತಿ ಅನ್ಸತ್ತೆ, ಆದ್ರೆ ಎರಡೂ ಅರ್ಧರ್ಧ ಸವೆಯೋದ್ರಿಂದ ಲೆಕ್ಕ ಸರಿಹೋಗತ್ತೆ.

ಈಗ ಆ ಟೆರಿಕಾಟ್ ಕಥೆಗೆ ಬರ್ತೀನಿ. ಅದನ್ನ ತಲೆಯಿಂದ ತೆಗೀದೆ ಮುಂದಿನದ್ದು ಹೇಳಿ ಪ್ರಯೋಜನ ಇಲ್ಲ.

ಟೆರಿಕಾಟ್ ಗಟ್ಟಿ ಅನ್ನೋದು ಸುಳ್ಳಲ್ಲ. ಅದ್ರಲ್ಲಿ ಸಾಮಾನ್ಯವಾಗಿ 65 ಭಾಗ ಪಾಲಿಯೆಸ್ಟರ್, 35 ಭಾಗ ಕಾಟನ್ ಇರತ್ತೆ. ಉಜ್ಜಿದ್ರೂ ಬೇಗ ಸವೆಯಲ್ಲ, ಕುಗ್ಗಲ್ಲ, ಮಳೆಗಾಲದಲ್ಲಿ ರಾತ್ರಿ ಒಗೆದು ಹಾಕಿದ್ರೆ ಬೆಳಗ್ಗೆ ಒಣಗಿರತ್ತೆ. ಬ್ಯಾಟರಿ ಆಸಿಡ್ ಸಿಡಿದ್ರೆ ಕಾಟನ್ನಿಗಿಂತ ಟೆರಿಕಾಟೇ ವಾಸಿ, ಅದನ್ನೂ ಒಪ್ಕೋತೀನಿ. ಶುದ್ಧ ಕಾಟನ್ ಪ್ಯಾಂಟ್ ಮೇಲೆ ಆಸಿಡ್ ಬಿದ್ದಾಗ ಅವತ್ತು ಏನೂ ಕಾಣಲ್ಲ, ಒಗೆದ್ಮೇಲೆ ನೋಡಿದ್ರೆ ತೊಡೆ ಹತ್ರ ಸಾಸಿವೆ ಕಾಳಿನಷ್ಟಷ್ಟು ತೂತು, ಇಲಿ ಕಡಿದಿದೆ ಅಂತ ಮನೇಲಿ ಬೈತಾರೆ. ಹಾಗಾಗಿ ಆಯಿಲ್, ಗ್ರೀಸ್, ಬ್ಯಾಟರಿ, ಬ್ರೇಕ್ ಕೆಲ್ಸ ಅಷ್ಟೇ ಮಾಡೋರು ಟೆರಿಕಾಟ್ ಹಾಕ್ಕೊಳ್ಳಿ, ನಂದೇನೂ ತಕರಾರಿಲ್ಲ.

ತಕರಾರು ಶುರು ಆಗೋದು "ಒಂದೇ ಒಂದು ಟ್ಯಾಕ್ ಹೊಡ್ದು ಬಂದೆ ಇರಿ" ಅಂತ ಅದೇ ಸೂಟಲ್ಲಿ ಎದ್ದು ಹೋಗ್ತೀರಲ್ಲ, ಅಲ್ಲಿ. ಟ್ಯಾಕ್ ಅಂದ್ರೆ ತುಂಡುಗಳನ್ನ ಹಿಡಿದಿಡೋಕೆ ಹಾಕೋ ಚಿಕ್ಕ ವೆಲ್ಡು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗತ್ತೆ, ವೆಲ್ಡಿಂಗ್ ಕಿಡಿ ಅಂದ್ರೆ ಕರಗಿದ ಕಬ್ಬಿಣದ ಹನಿ, ಹೊರಟಾಗ ಹತ್ತಿರ ಹತ್ತಿರ 1500 ಡಿಗ್ರಿ. ದಪ್ಪ ಕಾಟನ್ ಮೇಲೆ ಆ ಹನಿ ಬಿದ್ರೆ ಕಂದು ಕಲೆ ಮಾಡಿ ಉರುಳಿ ಹೋಗತ್ತೆ. ಟೆರಿಕಾಟ್ ಮೇಲೆ ಬಿದ್ರೆ ಕರಗಿಸ್ಕೊಂಡು ಒಳಗೇ ಇಳಿಯತ್ತೆ. ನಿಮ್ಮ ಹಳೇ ಸೂಟಿನ ಎದೆ ಭಾಗ ಬೆಳಕಿಗೆ ಹಿಡಿದು ನೋಡಿ, ಜರಡಿ ಥರ ಕಾಣತ್ತೆ, ಒಂದೊಂದು ತೂತಿನ ಅಂಚೂ ಕಪ್ಪಗೆ ಗಟ್ಟಿಯಾಗಿ ಬೆರಳಿಗೆ ಚುಚ್ಚತ್ತೆ. ಆ ಗಟ್ಟಿ ಅಂಚೇ ಕರಗಿ ಹೆಪ್ಪುಗಟ್ಟಿದ ಪಾಲಿಯೆಸ್ಟರ್. ಗಟ್ಟಿ ಬರತ್ತೆ ಅಂತ ತಗೊಂಡ ಬಟ್ಟೆ ಜರಡಿ ಆಯ್ತಲ್ಲ, ಬಾಳಿಕೆ ಎಲ್ಲಿ ಬಂತು ಹೇಳಿ. ಅಂದ್ರೆ ಸೇಫ್ಟಿ ಮಾತು ಪಕ್ಕಕ್ಕಿಟ್ರೂ ಬರೀ ದುಡ್ಡಿನ ಲೆಕ್ಕದಲ್ಲೇ ವೆಲ್ಡಿಂಗಿಗೆ ಟೆರಿಕಾಟ್ ಸೋತೋಗತ್ತೆ.

ಇಷ್ಟು ಹೇಳಿದ್ಮೇಲೂ ಕೆಲವ್ರು ಬಿಡಲ್ಲ. "ಅರ್ಧ ಕಾಟನ್ ಇದ್ಯಲ್ಲ ಸಾರ್, ಅದು ಕಾಪಾಡತ್ತೆ" ಅಂತಾರೆ. ಕಾಪಾಡಲ್ಲ, ಉಲ್ಟಾ ಹೊಡೆಯತ್ತೆ. ಬರೀ ಪಾಲಿಯೆಸ್ಟರ್‌ಗೆ ಬೆಂಕಿ ತಾಗಿದ್ರೆ ಮುದುಡಿ, ಕರಗಿ, ತೊಟ್ಟಿಕ್ಕಿ, ಎಷ್ಟೋ ಸಲ ಬೆಂಕಿಯಿಂದ ದೂರ ಸರಿಯತ್ತೆ. ಮಿಕ್ಸ್ ಬಟ್ಟೆಯಲ್ಲಿ ಕಾಟನ್ ನೂಲು ನಿಂತಲ್ಲೇ ನಿಂತಿರತ್ತೆ, ಕರಗಿದ ಪಾಲಿಯೆಸ್ಟರನ್ನ ಹಿಡ್ಕೊಂಡು ಉರಿಸತ್ತೆ. ದೇವರ ಮುಂದೆ ದೀಪ ಹಚ್ತೀರಲ್ಲ, ಅದೇ ಲೆಕ್ಕ. ಹತ್ತಿ ಬತ್ತಿ, ಪಾಲಿಯೆಸ್ಟರ್ ಎಣ್ಣೆ, ದೀಪ ನೀವು.

ನನ್ನ ಎಡಗೈಯಲ್ಲಿ ಮೊಣಕೈಗಿಂತ ಸ್ವಲ್ಪ ಕೆಳಗೆ ಒಂದು ಗುರುತಿದೆ, ಹಳೇ ರೂಪಾಯಿ ನಾಣ್ಯದಷ್ಟಗಲ. ಗಾಡಿ ಕೆಳಗೆ ಮಲಗಿ ಸೈಲೆನ್ಸರ್ ಬ್ರಾಕೆಟ್‌ಗೆ ಟ್ಯಾಕ್ ಹೊಡೀತಿದ್ದೆ, ಹನಿ ತೋಳಿನ ಮಡಿಕೆಯಲ್ಲಿ ಬಂದು ಕೂತ್ಕೊಳ್ತು, ಬಟ್ಟೆ ಚರ್ಮಕ್ಕೆ ಅಂಟ್ಕೊಂಡ್ತು. ನಾನು ದಡ್ಡ, ಕಿತ್ತೆ. ಬಟ್ಟೆ ಜೊತೆ ಚರ್ಮನೂ ಬಂತು. ಅಂಟಿದ್ದನ್ನ ಕೀಳ್ಬಾರ್ದು, ನಲ್ಲಿ ಕೆಳಗೆ ಕೈಯಿಟ್ಟು ಇಪ್ಪತ್ತು ನಿಮಿಷ ನೀರು ಬಿಟ್ಟು ಆಮೇಲೆ ಆಸ್ಪತ್ರೆಗೆ ಹೋಗ್ಬೇಕು ಅನ್ನೋದು ಆಮೇಲೆ ಗೊತ್ತಾಗಿದ್ದು.

ಅಂಗಡಿಯವ್ರು "ಪ್ಯೂರ್ ಕಾಟನ್" ಅಂದ್ರೆ ನಂಬ್ಕೊಂಡು ಬರ್ಬೇಡಿ. ಒಳಗಿನ ಹೊಲಿಗೆಯಿಂದ ಬಟ್ಟೆದೇ ಒಂದು ಎಳೆ ಕೇಳಿ ತಗೊಂಡು ಹೊರಗೆ ಬಂದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದ್ರೆ ಪುಡಿಯಾಗೋ ಬೂದಿ ಉಳಿದ್ರೆ ಕಾಟನ್. ಸುರುಳಿಕೊಂಡು ತುದಿಯಲ್ಲಿ ಕರಿ ಮಣಿ ಕಟ್ಟಿದ್ರೆ ಪಾಲಿಯೆಸ್ಟರ್ ಸೇರಿದೆ. ಎಳೆ ಕೊಡಲ್ಲ ಅಂದ್ರೆ ಬೇರೆ ಅಂಗಡಿ ನೋಡಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಅಂಗಡಿಗೇನು ಬರವಾ.

ಇನ್ನು ದಪ್ಪದ ಮಾತು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗತ್ತೆ ಅಂತ. ಮೆಕ್ಯಾನಿಕ್ ಕೆಲ್ಸಕ್ಕೆ 210ರಿಂದ 240 ಸಾಕು, ನಮ್ಮ ಸೆಕೆಗೆ ಅದಕ್ಕಿಂತ ಜಾಸ್ತಿ ಆದ್ರೆ ಹುಡುಗರು ಮಧ್ಯಾಹ್ನ ಬಿಚ್ಚಿ ಸೊಂಟಕ್ಕೆ ಕಟ್ಕೋತಾರೆ, ಆ ತೋಳು ತಿರುಗೋ ಬೆಲ್ಟಿಗೆ ಸಿಕ್ಕಿದ್ರೆ ಅದು ಇನ್ನೊಂದು ಕಥೆ. ವೆಲ್ಡಿಂಗಿಗೆ 300ರ ಮೇಲೆ ಇರೋ ಕಾಟನ್ ಡ್ರಿಲ್ ಕೇಳಿ, ಅಂದ್ರೆ ಓರೆ ನೇಯ್ಗೆಯ ಗಟ್ಟಿ ಹತ್ತಿ ಬಟ್ಟೆ. ಜೀನ್ಸ್ ಸಾಕಲ್ವಾ ಅಂದ್ರೆ, ಹಳೇ ಕಾಲದ 12 ಔನ್ಸ್ ಡೆನಿಮ್ ಸುಮಾರು 400 ಜಿಎಸ್‌ಎಂ, ಚೆನ್ನಾಗೇ ಇತ್ತು. ಈಗ ಬರೋದ್ರಲ್ಲಿ ಬಹಳಷ್ಟು ಎಳೆದ್ರೆ ಹಿಗ್ಗೋ ಮಾಲು, ಸಿಂಥೆಟಿಕ್ ನೂಲು ಸೇರಿರತ್ತೆ. ಮಂಡಿ ಹತ್ರ ಬೇಕಂತಲೇ ಹರಿದು ನೂಲು ಜೋತಾಡೋ ಫ್ಯಾಷನ್ ಜೀನ್ಸಿಗಂತೂ ಗ್ರೈಂಡರ್ ಕಿಡಿ ಒಂದು ಸಾಕು, ಹೊಗೆ ಬಂದ್ಮೇಲೇ ಗೊತ್ತಾಗೋದು.

ದಿನವಿಡೀ ವೆಲ್ಡಿಂಗೇ ಮಾಡೋರು ಎಫ್‌ಆರ್ ಕಾಟನ್ ತಗೊಳ್ಳಿ. ಎಫ್‌ಆರ್ ಅಂದ್ರೆ ಫ್ಲೇಮ್ ರಿಟಾರ್ಡೆಂಟ್, ಬೆಂಕಿ ಹತ್ತದ ಬಟ್ಟೆ ಅಲ್ಲ, ಉರಿ ಸರಿಸಿದ ತಕ್ಷಣ ತಾನೇ ಆರೋ ಬಟ್ಟೆ. ಕಾಲರ್ ಒಳಗಿನ ಲೇಬಲ್ಲಲ್ಲಿ ಐಎಸ್‌ಒ 11611 ಅಂತ ಇದ್ಯಾ ನೋಡಿ, ಅದು ವೆಲ್ಡಿಂಗ್ ಬಟ್ಟೆಗೇ ಇರೋ ಸ್ಟ್ಯಾಂಡರ್ಡು. ಟೆಸ್ಟಲ್ಲಿ ಬಟ್ಟೆ ಮೇಲೆ ಕರಗಿದ ಲೋಹದ ಹನಿ ಬೀಳಿಸ್ತಾರೆ, ಹಿಂದುಗಡೆ ಶಾಖ 40 ಡಿಗ್ರಿ ಏರೋದ್ರೊಳಗೆ 15 ಹನಿ ತಡೆದ್ರೆ ಕ್ಲಾಸ್ 1, 25 ತಡೆದ್ರೆ ಕ್ಲಾಸ್ 2. ಗ್ಯಾರೇಜ್ ಟ್ಯಾಕಿಗೆ 1 ಸಾಕು. ವಾರಕ್ಕೆರಡು ಸಲ ವೆಲ್ಡ್ ಮಾಡೋರಿಗೆ ದಪ್ಪ ಕಾಟನ್ ಮೇಲೊಂದು ಲೆದರ್ ಏಪ್ರನ್ ಇದ್ರೆ ನಡೆಯತ್ತೆ.

ಬಟ್ಟೆ ಸರಿ ಇದ್ದು ಹೊಲಿಗೆ ಕೈಕೊಡೋದೂ ಉಂಟು. ಕಾಟನ್ ಸೂಟಿಗೆ ಪಾಲಿಯೆಸ್ಟರ್ ದಾರ ಹಾಕಿದ್ರೆ ಕಿಡಿ ಬಿದ್ದಲ್ಲಿ ಹೊಲಿಗೆ ಬಿಚ್ಕೊಳ್ಳತ್ತೆ. ಪ್ಲಾಸ್ಟಿಕ್ ಜಿಪ್ ಬೇಡ. ಹಿತ್ತಾಳೆ ಜಿಪ್ ಇರ್ಲಿ, ಅದರ ಮೇಲೆ ಬಟ್ಟೆ ಪಟ್ಟಿ ಮುಚ್ಚಿರ್ಲಿ, ಇಲ್ಲಾಂದ್ರೆ ಬಾನೆಟ್ ಮೇಲೆ ಬಗ್ಗಿದಾಗ ಗಿರಾಕಿ ಕಾರಿನ ಪೇಂಟ್ ಗೀಚತ್ತೆ, ಬ್ಯಾಟರಿ ಟರ್ಮಿನಲ್ಲಿಗೆ ತಾಗಿದ್ರೆ ಇನ್ನೂ ಕಷ್ಟ. ಜೇಬಿಗೆಲ್ಲ ಮುಚ್ಚಳ ಬೇಕು, ಪ್ಯಾಂಟಿನ ತುದಿ ಮಡಚಿರ್ಬಾರ್ದು, ಕಿಡಿ ಬಂದು ಕೂರೋಕೆ ಅದೇ ಗೂಡು. ಸೈಜ್ ನೋಡುವಾಗ ನಿಂತು ಕನ್ನಡಿ ನೋಡ್ಕೋಬೇಡಿ, ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಮೇಲೆತ್ತಿ, ತೊಡೆ ಸಂದಿಯಲ್ಲಿ ಬಿಗಿದ್ರೆ ಒಂದು ಸೈಜ್ ದೊಡ್ಡದು. ಜನ ನೋಡಿ ನಗ್ತಾರೆ, ನಗ್ಲಿ ಬಿಡಿ.

ಹಾಂ, ಇಷ್ಟೆಲ್ಲ ಮಾಡಿ ಒಳಗೆ ಆರ್‌ಸಿಬಿ ಜೆರ್ಸಿ ಹಾಕ್ಕೊಂಡು ಬರ್ತಾರೆ ನಮ್ಮ ಹುಡುಗರು. ಜೆರ್ಸಿ ಅಪ್ಪಟ ಪಾಲಿಯೆಸ್ಟರ್ ಕಣ್ರಪ್ಪ, ಮೈಗೆ ತಾಗಿಕೊಂಡೇ ಇರತ್ತೆ. ಒಳಗೆ ಕಾಟನ್ ಬನಿಯನ್ ಹಾಕಿ, ಮ್ಯಾಚ್ ದಿನ ಸಂಜೆ ಜೆರ್ಸಿಗೆ ಬದಲಾಯಿಸ್ಕೊಳ್ಳಿ.

ನೀವು ಕೇಳಿಲ್ಲ, ಆದ್ರೂ ಒಗೆಯೋದು ಹೇಳ್ಬಿಡ್ತೀನಿ, ಒಳ್ಳೇ ಸೂಟು ಹಾಳಾಗೋದು ಜಾಸ್ತಿ ಅಲ್ಲೇ. ಗ್ರೀಸ್ ಹೋಗ್ಲಿ ಅಂತ ಪೆಟ್ರೋಲಲ್ಲಿ ಅದ್ದಿ ತೆಗೆಯೋದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ವಾಸನೆ ಹೋಯ್ತು ಅಂದ ಮಾತ್ರಕ್ಕೆ ಪೂರ್ತಿ ಹೋಗಿರಲ್ಲ, ದಪ್ಪ ಹೊಲಿಗೆ ಒಳಗೆ ಉಳಿದಿರತ್ತೆ. ಜಿಡ್ಡು ಕುಡಿದ ಕಾಟನ್ ಕೂಡ ಆ ದೀಪದ ಬತ್ತಿನೇ, ನಾನು ಮೇಲೆ ಹೊಗಳಿದ್ದು ಒಗೆದ ಕಾಟನ್ನನ್ನ. ಪಾತ್ರೆ ತೊಳೆಯೋ ಲಿಕ್ವಿಡ್ಡನ್ನ ಒಣ ಬಟ್ಟೆ ಮೇಲೇ ಕಲೆಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು, ಬಿಸಿನೀರಲ್ಲಿ ಒಗೀರಿ, ನೀರು ಮೊದಲು ಹಾಕಿದ್ರೆ ಜಿಡ್ಡು ಬಿಡಲ್ಲ. ಎಫ್‌ಆರ್ ಸೂಟಿಗೆ ಬ್ಲೀಚ್ ಬೇಡ, ಸೋಪಿನ ಬಿಲ್ಲೆಯೂ ಬೇಡ, ಬೋರ್‌ವೆಲ್ ಗಡಸು ನೀರಲ್ಲಿ ಸೋಪು ಬಿಳಿ ಪದರ ಕಟ್ಟತ್ತೆ, ಆ ಪದರ ಉರಿಯತ್ತೆ. ಡಿಟರ್ಜೆಂಟ್ ಪುಡಿ ಹಾಕಿ. ಇಸ್ತ್ರಿಯವ್ರಿಗೆ ಗಂಜಿ ಹಾಕ್ಬೇಡಿ ಅಂತ ಹೇಳಿ, ಗಂಜಿನೂ ಉರಿಯೋ ಮಾಲೇ.

ಮಂಡಿ ಹರಿದ್ರೆ ಅಂಟಿಸೋ ಪ್ಯಾಚ್ ತರ್ಬೇಡಿ, ಕಾಟನ್ ದಾರದಲ್ಲಿ ತೇಪೆ ಹಾಕಿಸಿ. ತೇಪೆಗೆ ಬಟ್ಟೆ ಹುಡುಕ್ಬೇಕಿಲ್ಲ, ವೆಲ್ಡಿಂಗಿಗೆ ಹಾಕಿ ಬಿಸಾಕಿದ ಹಳೇ ಸೂಟಿನ ಬೆನ್ನು ಕತ್ತರಿಸಿ ಇಟ್ಕೊಳ್ಳಿ, ಎದೆ ಕಡೆ ಸುಟ್ಟು ಹೋಗಿದ್ರೂ ಬೆನ್ನು ಹೊಸದರ ಹಾಗೇ ಇರತ್ತೆ.