ಕ್ಲೋರಿನ್‌ನಲ್ಲಿ ಅರ್ಧ ನ್ಯೂಟ್ರಾನ್ ಇದೆಯಾ ಸರ್?

ಪ್ರಥಮ ಪಿಯುಸಿ ಕ್ಲಾಸಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಪ್ರೋಟಾನ್, ನ್ಯೂಟ್ರಾನ್ ಕೂಡಿಸಿದರೆ ಪರಮಾಣು ತೂಕ ಅಂತೀರಿ, ಕ್ಲೋರಿನ್‌ದು 35.5 ಅಂತ ಇದೆಯಲ್ಲ, ಅರ್ಧ ನ್ಯೂಟ್ರಾನ್ ಇರೋಕಾಗುತ್ತಾ?" ಒಳ್ಳೆ ಪ್ರಶ್ನೆ. ಕೇಳದೆ ಸುಮ್ನೆ ಬರೆದುಕೊಳ್ಳುವವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

35.5 ತೂಗುವ ಕ್ಲೋರಿನ್ ಪರಮಾಣು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಿಗುವುದು ಎರಡು ಬಗೆ. ನೂರರಲ್ಲಿ ಸುಮಾರು 76 ಪರಮಾಣುಗಳು 35ರವು, ಉಳಿದ 24 ಮಾತ್ರ 37ರವು. ನಾಲ್ಕು ಹುಡುಗರನ್ನು ನಿಲ್ಲಿಸಿ ಮೂವರಿಗೆ 35, ಒಬ್ಬನಿಗೆ 37 ಅಂತ ಚೀಟಿ ಕೊಟ್ಟು ಸರಾಸರಿ ತೆಗೆಯಲು ಹೇಳುತ್ತೇನೆ. 142 ಭಾಗಿಸು 4, ಅಷ್ಟೇ.

ಎಡವಟ್ಟು ಆಗುವುದು ಆಮೇಲೆ. "ಎರಡು ನ್ಯೂಟ್ರಾನ್ ಹೆಚ್ಚಾಯಿತಲ್ಲ, ಹಾಗಾದರೆ ಎಲೆಕ್ಟ್ರಾನೂ 19" ಅಂತ ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ, ಅಂದರೆ ಐಸೋಟೋಪ್ (ಒಂದೇ ಧಾತು, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆ) ಮತ್ತು ಅಯಾನ್ (ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಪಡೆದ ಪರಮಾಣು) ತಲೆಯಲ್ಲಿ ಕಲಸಿಹೋಗಿವೆ. ನ್ಯೂಟ್ರಾನ್‌ಗೆ ವಿದ್ಯುದಂಶವೇ ಇಲ್ಲ. ಅದು ಎಷ್ಟು ಬಂದರೂ 17 ಪ್ರೋಟಾನ್‌ಗಳಿಗೆ ಬೇಕಾಗುವುದು 17 ಎಲೆಕ್ಟ್ರಾನೇ. ಬಂಧ ಏರ್ಪಡುವುದು ಹೊರಗಿನ ಎಲೆಕ್ಟ್ರಾನ್‌ಗಳಿಂದ. ಹಾಗಾಗಿ ನಿಮ್ಮ ಮನೆಯ ಉಪ್ಪಿನ ಡಬ್ಬಿಯಲ್ಲಿ ಎರಡೂ ಕ್ಲೋರಿನ್‌ಗಳು ಬೆರೆತು ಕೂತಿವೆ, ಸೋಡಿಯಂ ಅವೆರಡರ ನಡುವೆ ಭೇದ ಮಾಡುವುದಿಲ್ಲ.

ಉಪ್ಪಿನ ಮಾತು ಬಂದಾಗ ನಮ್ಮ ಮೇಷ್ಟ್ರುಗಳ ತಪ್ಪೂ ಒಂದಿದೆ. "ಸೋಡಿಯಂ ಖುಷಿಯಿಂದ ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ಖುಷಿಯಿಂದ ತಗೊಳ್ಳುತ್ತದೆ" ಅಂತ ಕಥೆ ಹೇಳಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ಲೆಕ್ಕ ನೋಡಿ: ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಸುಮಾರು 496 ಕಿಲೋಜೂಲ್ ಖರ್ಚು, ಅದನ್ನು ಕ್ಲೋರಿನ್‌ಗೆ ಕೊಟ್ಟಾಗ ವಾಪಸು ಬರುವುದು ಸುಮಾರು 349. ನಷ್ಟದ ವ್ಯಾಪಾರ, ಅಲ್ವಾ? ಲಾಭ ಬರುವುದು ಆ ಅಯಾನ್‌ಗಳು ಒಂದನ್ನೊಂದು ಸೆಳೆದುಕೊಂಡು ಹರಳಾಗಿ ಜೋಡಿಸಿಕೊಂಡಾಗ. ಆಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ಬಂಧ ಏರ್ಪಟ್ಟಾಗ ಶಕ್ತಿ ಹೊರಗೆ, ಮುರಿಯಬೇಕಾದರೆ ಶಕ್ತಿ ಒಳಗೆ. ಇದನ್ನು ಉಲ್ಟಾ ನೆನಪಿಟ್ಟುಕೊಂಡವರು ಡಿಗ್ರಿಗೆ ಹೋದರೂ ಒದ್ದಾಡುತ್ತಾರೆ.

ಹಾಗಾದರೆ ನ್ಯೂಟ್ರಾನ್‌ನಿಂದ ಏನೂ ವ್ಯತ್ಯಾಸ ಆಗುವುದೇ ಇಲ್ವಾ? ಕ್ಲೋರಿನ್‌ನಲ್ಲಿ 35ಕ್ಕೆ ಎರಡು ಸೇರಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ ಅನ್ನಬಹುದು. ಹೈಡ್ರೋಜನ್ ಹಾಗಲ್ಲ. ಒಂದು ನ್ಯೂಟ್ರಾನ್ ಸೇರಿದರೆ ತೂಕ ದುಪ್ಪಟ್ಟು, ಹೆಸರೂ ಬೇರೆ, ಡ್ಯೂಟೀರಿಯಂ. ತೂಕ ಹೆಚ್ಚಾದಾಗ ಬಂಧದ ಕಂಪನ ನಿಧಾನವಾಗುತ್ತದೆ, ಅದನ್ನು ಮುರಿಯಲು ಸ್ವಲ್ಪ ಹೆಚ್ಚು ಶಕ್ತಿ ಬೇಕಾಗುತ್ತದೆ. ಡ್ಯೂಟೀರಿಯಂನಿಂದಾದ ಭಾರಜಲ 3.8 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟುತ್ತದೆ, ಅದರ ಮಂಜುಗಡ್ಡೆಯನ್ನು ಮಾಮೂಲಿ ನೀರಿಗೆ ಹಾಕಿದರೆ ತೇಲದೆ ಮುಳುಗುತ್ತದೆ. ನಮ್ಮ ಕೈಗಾದ ರಿಯಾಕ್ಟರ್‌ಗಳಲ್ಲಿ ಬಳಸುವುದು ಇದೇ ಭಾರಜಲ.

ಇಷ್ಟೆಲ್ಲ ಹೇಳಿದ ಮೇಲೂ, "ಐಸೋಟೋಪ್‌ಗಳ ರಾಸಾಯನಿಕ ಗುಣಗಳು ಒಂದೇ" ಅಂತಲೇ ಪರೀಕ್ಷೆಯಲ್ಲಿ ಬರೆಯಿರಿ ಅನ್ನಬೇಕಾಗುತ್ತದೆ. ಒಂದು ಮಾರ್ಕ್ಸ್ ಪ್ರಶ್ನೆ, ಏನು ಮಾಡುವುದು.