ತೇವಾಂಶದ ಸೆನ್ಸರನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಬಹುದಾ?

ಪ್ರಶ್ನೆ: ನಮ್ಮದು ರೇಷ್ಮೆಯ ಚಾಕಿ (ಎಳೆಯ ಹುಳುಗಳ) ಸಾಕಣೆ ಮನೆ. ಉಷ್ಣಾಂಶ, ತೇವಾಂಶ ಅಳೆಯೋಕೆ ಡಿಎಚ್‌ಟಿ22 ಸೆನ್ಸರ್ ತರಿಸಿದ್ದೇವೆ. ಅದಕ್ಕೆ ನಾಲ್ಕು ಕಾಲುಗಳಿವೆ, ಯುಎಸ್‌ಬಿ ಇಲ್ಲ. ಹಳೆ ಲ್ಯಾಪ್‌ಟಾಪ್‌ಗೆ ಜೋಡಿಸಿ ರಾತ್ರಿಯೆಲ್ಲ ದಾಖಲೆ ಇಡುವುದು ಹೇಗೆ?

ಉತ್ತರ: ನೇರವಾಗಿ ಆಗುವುದಿಲ್ಲ. ನಡುವೆ ಆರ್ಡುಯಿನೊ ನ್ಯಾನೊ ಅಥವಾ ಊನೊ ಥರದ, ನಾವು ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡ್ ಬೇಕು. ಈ ಸೆನ್ಸರ್ ಒಂದೇ ತಂತಿಯಲ್ಲಿ, ಒಂದು ಸಲಕ್ಕೆ 40 ಬಿಟ್ ಕಳಿಸುತ್ತದೆ. ತಂತಿಯಲ್ಲಿ ವೋಲ್ಟೇಜ್ ಸುಮಾರು 27 ಮೈಕ್ರೊಸೆಕೆಂಡ್ ಏರಿದ್ದರೆ ಸೊನ್ನೆ, 70 ಮೈಕ್ರೊಸೆಕೆಂಡ್ ಏರಿದ್ದರೆ ಒಂದು. ಲ್ಯಾಪ್‌ಟಾಪ್ ಒಟ್ಟಿಗೆ ನೂರು ಕೆಲಸ ಮಾಡುತ್ತಿರುತ್ತದೆ, ಅಷ್ಟು ಸಣ್ಣ ಅವಧಿಯನ್ನು ಕಾದು ಕೂತು ಅಳೆಯಲು ಅದಕ್ಕೆ ಆಗಲ್ಲ. ಆರ್ಡುಯಿನೊಗೆ ಅದೊಂದೇ ಕೆಲಸ. ಅದು ಓದಿ, ಸಾದಾ ಅಕ್ಷರಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ.

ನೀವು 22 ತರಿಸಿದ್ದು ಒಳ್ಳೆಯದಾಯ್ತು. ನೀಲಿ ಬಣ್ಣದ ಡಿಎಚ್‌ಟಿ11 ಅಗ್ಗ, ಆದರೆ ತೇವಾಂಶದಲ್ಲಿ 5ರಷ್ಟು ಆಚೀಚೆ ಆಗಬಹುದು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ಶೇ 80ರಿಂದ 90 ತೇವಾಂಶ ಬೇಕು. ಅಲ್ಲಿ 80 ಅಂತ ತೋರಿಸಿದ್ದು ನಿಜವಾಗಿ 75 ಆಗಿದ್ದರೆ ಸೊಪ್ಪು ಬೇಗ ಬಾಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಜಾಲರಿ ನಿಮ್ಮ ಕಡೆ ಇರುವಂತೆ ಸೆನ್ಸರ್ ಹಿಡಿಯಿರಿ. ಎಡದಿಂದ ಮೊದಲ ಕಾಲು ಬೋರ್ಡಿನ 5 ವೋಲ್ಟ್‌ಗೆ, ಎರಡನೆಯದು 2ನೇ ಪಿನ್‌ಗೆ, ನಾಲ್ಕನೆಯದು ಗ್ರೌಂಡ್‌ಗೆ. ಮೂರನೆಯದಕ್ಕೆ ಕೆಲಸವಿಲ್ಲ. ಮೊದಲನೆಯ ಮತ್ತು ಎರಡನೆಯ ಕಾಲುಗಳ ನಡುವೆ 10 ಕಿಲೊ ಓಮ್ ರೆಸಿಸ್ಟರ್ ಹಾಕಿ. ಅದಿಲ್ಲದಿದ್ದರೆ, ಅದರಲ್ಲೂ ತಂತಿ ಉದ್ದವಾದರೆ, ಓದುವಿಕೆ ತಪ್ಪುತ್ತಿರುತ್ತದೆ. ಮೂರು ಕಾಲಿನ ಮಾಡ್ಯೂಲ್ ಆದರೆ ರೆಸಿಸ್ಟರ್ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಆದರೆ ಕಾಲುಗಳ ಕ್ರಮ ಒಬ್ಬೊಬ್ಬರದು ಒಂದೊಂದು ಥರ. ಮೇಲೆ ಅಚ್ಚಾಗಿರುವ ಗುರುತು ನೋಡಿಯೇ ಜೋಡಿಸಿ. ವಿದ್ಯುತ್ ಉಲ್ಟಾ ಕೊಟ್ಟರೆ ಸೆನ್ಸರ್ ಸುಟ್ಟುಹೋಗಬಹುದು.

ಇನ್ನು ಕಂಪ್ಯೂಟರ್ ಕಡೆ. ಬೋರ್ಡಿಗೆ ಪ್ರೋಗ್ರಾಂ ಕಳಿಸುವ ತಂತ್ರಾಂಶವಾದ ಆರ್ಡುಯಿನೊ ಐಡಿಇ ಹಾಕಿಕೊಂಡು, ಲೈಬ್ರರಿ ಮ್ಯಾನೇಜರ್‌ನಲ್ಲಿ ಅಡಾಫ್ರೂಟ್‌ನ ಡಿಎಚ್‌ಟಿ ಸೆನ್ಸರ್ ಲೈಬ್ರರಿ ಸೇರಿಸಿ. ಜೊತೆಗೆ ಯೂನಿಫೈಡ್ ಸೆನ್ಸರ್ ಲೈಬ್ರರಿಯನ್ನೂ ಕೇಳುತ್ತದೆ, ಒಪ್ಪಿಕೊಳ್ಳಿ. ಎಕ್ಸಾಂಪಲ್ಸ್ ಮೆನುವಿನಲ್ಲಿ ಡಿಎಚ್‌ಟಿಟೆಸ್ಟರ್ ಇದೆ. ಅದು 2ನೇ ಪಿನ್ ಮತ್ತು ಡಿಎಚ್‌ಟಿ22ಕ್ಕೇ ಬರೆದದ್ದು, ಹಾಗಾಗಿ ಏನೂ ತಿದ್ದದೆ ಅಪ್‌ಲೋಡ್ ಮಾಡಬಹುದು. ಬೋರ್ಡ್ ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರ್ ತೆರೆದು ವೇಗ 9600 ಆರಿಸಿದರೆ ಎರಡು ಸೆಕೆಂಡಿಗೊಮ್ಮೆ ಅಂಕಿಗಳು ಬರುತ್ತವೆ. ಬೋರ್ಡ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ, ಸುಮ್ನೆ ಚಾರ್ಜ್‌ಗಷ್ಟೇ ಆಗುವ ಕೇಬಲ್‌ಗಳು ಬಹಳ ಇವೆ. ಅಗ್ಗದ ನ್ಯಾನೊಗೆ ವಿಂಡೋಸ್‌ನಲ್ಲಿ ಸಿಎಚ್340 ಡ್ರೈವರ್ ಬೇಕಾಗಬಹುದು. ಅಂಕಿ ಬದಲು ಓದಲಾಗಲಿಲ್ಲ ಎಂಬ ಸಂದೇಶ ಬಂದರೆ ತಂತಿಯನ್ನೇ ಅನುಮಾನಿಸಿ.

ದಾಖಲೆಗೆ ಪೈಥಾನ್ ಭಾಷೆಯಲ್ಲಿ ಪೋರ್ಟ್ ಓದುವ ಪೈಸೀರಿಯಲ್ ಲೈಬ್ರರಿ ಸಾಕು. ಬಂದ ಸಾಲಿಗೆ ಸಮಯ ಸೇರಿಸಿ ಫೈಲಿಗೆ ಬರೆಯುವ ಪ್ರೋಗ್ರಾಂ ಹತ್ತು ಸಾಲಿನದು. ನಿಮಿಷಕ್ಕೊಂದು ಸಾಲು ಬರೆದರೂ ದಿನಕ್ಕೆ 1440 ಆಯ್ತು, ಅದಕ್ಕಿಂತ ಜಾಸ್ತಿ ಬೇಡ. ಅದನ್ನು ಓಡಿಸುವ ಮುಂಚೆ ಸೀರಿಯಲ್ ಮಾನಿಟರ್ ಮುಚ್ಚಿ, ಒಂದು ಪೋರ್ಟನ್ನು ಇಬ್ಬರು ಹಂಚಿಕೊಳ್ಳಲು ಆಗಲ್ಲ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸುವುದನ್ನೂ ಮರೆಯಬೇಡಿ.

ಪರದೆಯ ಮೇಲೆ ಅಂಕಿ ಬಂದ ತಕ್ಷಣ ಎಷ್ಟೋ ಜನ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಅಂಕಿಯನ್ನು ನಂಬಬಹುದಾ ಅನ್ನುವುದೇ ನನಗೆ ಹೆಚ್ಚು ಮುಖ್ಯ, ಏಕೆಂದರೆ ಅದನ್ನು ನೋಡಿಯೇ ನೀವು ಒದ್ದೆ ಗೋಣಿ ಹಾಕುವುದು, ಕಿಟಕಿ ತೆರೆಯುವುದು. ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಸಣ್ಣ ಬಟ್ಟಲಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ಒದ್ದೆ ಮರಳಿನಷ್ಟು ಗಟ್ಟಿಯಾಗಿ ಕಲಸಿ. ಉಪ್ಪು ಪೂರ್ತಿ ಕರಗಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದನ್ನಿಟ್ಟು, ಸೆನ್ಸರ್ ಉಪ್ಪಿಗೆ ತಾಗದಂತೆ ತೂಗುಹಾಕಿ, ತಂತಿ ಹೊರಬರುವ ಸಂದನ್ನು ಟೇಪಿನಿಂದ ಮುಚ್ಚಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. 25 ಡಿಗ್ರಿಯಲ್ಲಿ ಡಬ್ಬಿಯೊಳಗೆ ತೇವಾಂಶ ಶೇ 75ರಲ್ಲಿ ನಿಲ್ಲುತ್ತದೆ, ಒಂದೆರಡು ಡಿಗ್ರಿ ಆಚೀಚೆ ಆದರೂ ಅಷ್ಟೇ. ಸೆನ್ಸರ್ 78 ಅಂದರೆ ಮುಂದೆ ಎಲ್ಲದರಲ್ಲೂ 3 ಕಳೆಯಿರಿ. ಚಾಕಿಗೆ ಬೇಕಾದ ಮಟ್ಟ ಇದಕ್ಕೆ ಹತ್ತಿರವೇ ಇರುವುದರಿಂದ ಈ ಪರೀಕ್ಷೆ ನಿಮಗೆ ಹೇಳಿ ಮಾಡಿಸಿದ ಹಾಗಿದೆ.

ಸೆನ್ಸರನ್ನು ಹುಳುವಿನ ತಟ್ಟೆಯ ಎತ್ತರದಲ್ಲೇ ತೂಗುಹಾಕಿ. ಗೋಡೆ, ಕಿಟಕಿ, ಹೀಟರ್‌ಗಳಿಂದ ದೂರ ಇರಲಿ. ಬೋರ್ಡಿಗೆ ಅಂಟಿಸಿಯೂ ಇಡಬೇಡಿ, ಅದರ ಬಿಸಿಗೆ ಉಷ್ಣಾಂಶ ಏರಿ ತೇವಾಂಶ ಕಡಿಮೆ ಕಾಣುತ್ತದೆ. ಲ್ಯಾಪ್‌ಟಾಪ್ ಕೋಣೆಯ ಹೊರಗಿದ್ದರೇ ಚೆನ್ನ. ಗೋಡೆಯ ಒಣ-ಒದ್ದೆ ಥರ್ಮಾಮೀಟರನ್ನು ತೆಗೆಯಬೇಡಿ. ಕರೆಂಟ್ ಹೋದಾಗಲೂ ಅದು ತೋರಿಸುತ್ತದೆ.

ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತಾಗ ಸುಣ್ಣದ ಪುಡಿ ಉದುರಿಸುವ ಮುಂಚೆ ಸೆನ್ಸರನ್ನು ಪಕ್ಕಕ್ಕೆ ಸರಿಸಿ, ಜಾಲರಿಯಲ್ಲಿ ಪುಡಿ ಕೂರಬಾರದು. ಬ್ಲೀಚಿಂಗ್ ಪೌಡರ್ ಅಥವಾ ಫಾರ್ಮಲಿನ್‌ನಿಂದ ಮನೆ ಶುದ್ಧ ಮಾಡುವಾಗಲಂತೂ ಪೂರ್ತಿ ಹೊರಗೆ ತನ್ನಿ. ಆ ಆವಿಗೆ ಸೆನ್ಸರ್ ಕೆಡುತ್ತದೆ, ಕೆಟ್ಟ ಮೇಲೂ ಅಂಕಿ ತೋರಿಸುತ್ತಲೇ ಇರಬಹುದು. ಅದಕ್ಕೇ ಪ್ರತಿ ಬೆಳೆಗೆ ಮುಂಚೆ ಒಂದು ರಾತ್ರಿ ಉಪ್ಪಿನ ಡಬ್ಬಿಯಲ್ಲಿಟ್ಟು ನೋಡಿ.